ಕಾಂಡ್ಲಾ ಗಿಡಗಳ ನಡುವೆ

ಭೂಪಟದಲ್ಲಿ ಬಿಮಿನಿಯನ್ನು ಹುಡುಕಬೇಕಾದರೆ ಕನ್ನಡಕ ಒರೆಸಿಕೊಂಡೇ ಕೂರಬೇಕು. ಅಮೆರಿಕದ ಫ್ಲಾರಿಡಾ ರಾಜ್ಯ ಹೆಬ್ಬೆರಳಿನ ಹಾಗೆ ಸಮುದ್ರಕ್ಕೆ ಇಳಿಬಿದ್ದಿದೆಯಲ್ಲ, ಅದರ ತುದಿಯ ಹತ್ತಿರ ಮಯಾಮಿ. ಅಲ್ಲಿಂದ ಪೂರ್ವಕ್ಕೆ ಸುಮಾರು 50 ಮೈಲಿ ನೀರು ದಾಟಿದರೆ ಎರಡು ಸಣ್ಣ ಗೀರುಗಳು ಕಾಣುತ್ತವೆ. ಅದೇ ಬಿಮಿನಿ. ಬಹಾಮಾಸ್ ದೇಶಕ್ಕೆ ಸೇರಿದ್ದು. ಲೆಕ್ಕಕ್ಕೆ ಅಟ್ಲಾಂಟಿಕ್ ಸಾಗರದಲ್ಲಿದೆ; ಆದರೆ ಜನ, ಚರಿತ್ರೆ, ಊಟ ಎಲ್ಲ ಕೆರಿಬಿಯನ್ ಬಳಗದ್ದು. ಉತ್ತರ ಬಿಮಿನಿಯ ಉದ್ದ 7 ಮೈಲಿ, ಅಗಲವೋ ಎಷ್ಟೋ ಕಡೆ ಈ ದಡದಿಂದ ಕೂಗಿದರೆ ಆ ದಡಕ್ಕೆ ಕೇಳುವಷ್ಟು. ಎರಡೂ ದ್ವೀಪ ಸೇರಿ 2,000ದ ಆಸುಪಾಸು ಜನ. ನಮ್ಮ ಕಡೆ ಸಂತೆ ಸೇರುವ ಒಂದು ಹಳ್ಳಿ ಅನ್ನಿ.

ಇಷ್ಟು ಪುಟ್ಟ ಜಾಗಕ್ಕೆ ಹೆಸರು ಬಂದದ್ದು ಮೀನಿನಿಂದ. 1930ರ ದಶಕದಲ್ಲಿ ಹೆಮಿಂಗ್ವೇ ಇಲ್ಲಿ ಬಂದು ಬೀಡುಬಿಟ್ಟು, ಆಳುದ್ದದ ಮೀನುಗಳನ್ನು ಹಿಡಿದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅದಕ್ಕೂ ಮುಂಚೆ, ಅಮೆರಿಕದಲ್ಲಿ ಪಾನನಿಷೇಧವಿದ್ದ 1920ರಿಂದ 1933ರವರೆಗೆ, ಕಳ್ಳಸಾಗಣೆಯ ರಮ್ಮಿನ ಪೆಟ್ಟಿಗೆಗಳು ಇಲ್ಲಿಂದಲೇ ರಾತ್ರೋರಾತ್ರಿ ಹೊರಡುತ್ತಿದ್ದವು. ಒಟ್ಟಿನಲ್ಲಿ ಗಂಡಸರ ಗಮ್ಮತ್ತಿನ ದ್ವೀಪ ಎಂದೇ ಪುಸ್ತಕಗಳು ಹೇಳುತ್ತವೆ. ಆ ಗಮ್ಮತ್ತಿಗೆ ರೊಟ್ಟಿ ಸುಟ್ಟು, ಹಾಸಿಗೆ ಹಾಸಿ, ನೆಲ ಒರೆಸಿದ ಹೆಂಗಸರ ಮಾತು ಆ ಪುಸ್ತಕಗಳಲ್ಲಿ ಕಡಿಮೆ. ಅದೇನೂ ಹೊಸದಲ್ಲ, ಬಿಡಿ.

ನನಗೆ ಈ ದ್ವೀಪದ ಮೇಲೆ ಆಸೆ ಹುಟ್ಟಿದ್ದು ಬೇರೆ ಕಾರಣಕ್ಕೆ. 1964ರ ನವೆಂಬರಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿಗೆ ಬಂದರು. ಮೀನು ಹಿಡಿಯುವುದಕ್ಕಲ್ಲ. ಸುಮ್ಮನೆ ಕೂರುವುದಕ್ಕೆ, ಬರೆಯುವುದಕ್ಕೆ.

ಆ ವರ್ಷ ಅವರ ಪಾಲಿಗೆ ಎಂಥದೆಂದು ನೋಡಿ. ಜೂನ್ ತಿಂಗಳಲ್ಲಿ ಇದೇ ಫ್ಲಾರಿಡಾದ ಸೇಂಟ್ ಆಗಸ್ಟಿನ್ ಊರಿನಲ್ಲಿ, ಬಿಳಿಯರಿಗೆ ಮಾತ್ರವಿದ್ದ ಹೋಟೆಲಿನಲ್ಲಿ ಊಟ ಕೇಳಿದ್ದಕ್ಕೆ ಅವರನ್ನು ಜೈಲಿಗೆ ಹಾಕಿದರು. ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಅಕ್ಟೋಬರಿನಲ್ಲಿ ದಣಿದು ಸುಸ್ತಾಗಿ ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾಗ, 14ನೇ ತಾರೀಖು, ನೊಬೆಲ್ ಶಾಂತಿ ಪ್ರಶಸ್ತಿಯ ಸುದ್ದಿ ಬಂತು. ವಯಸ್ಸು 35. ಡಿಸೆಂಬರ್ 10ಕ್ಕೆ ಓಸ್ಲೋದಲ್ಲಿ ನಿಂತು ಮಾತಾಡಬೇಕು. ಜೈಲು, ಕಾಯ್ದೆ, ಆಸ್ಪತ್ರೆ, ಪ್ರಶಸ್ತಿ ಎಲ್ಲ ಆರು ತಿಂಗಳೊಳಗೆ! ಮದುವೆಮನೆಯ ಓಡಾಟ ಮುಗಿದ ಮೇಲೆ ನಮಗೆ ಎರಡು ದಿನ ಯಾರೂ ಮಾತಾಡಿಸದಿದ್ದರೆ ಸಾಕಪ್ಪಾ ಅನ್ನಿಸುವುದಿಲ್ಲವೇ?

ಮೌನದ ಆಸೆ ಅವರಿಗೆ ಹೊಸದಲ್ಲ. 1959ರಲ್ಲಿ ಹೆಂಡತಿ ಕೊರೆಟಾ ಅವರೊಂದಿಗೆ ಭಾರತಕ್ಕೆ ಬಂದು ಒಂದು ತಿಂಗಳು ಸುತ್ತಿದ್ದರು. ಗಾಂಧೀಜಿ ಸೋಮವಾರ ಮಾತಾಡುತ್ತಿರಲಿಲ್ಲವೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದುದನ್ನು ನಾವೂ ಕೇಳಿಕೊಂಡೇ ಬೆಳೆದೆವಲ್ಲ. ಕಿಂಗ್ ಕೂಡ ಊರಿಗೆ ಮರಳಿದ ಮೇಲೆ ವಾರಕ್ಕೊಂದು ದಿನ ಧ್ಯಾನಕ್ಕೆಂದು ಎತ್ತಿಡುವ ಮನಸ್ಸು ಮಾಡಿದರು. ನಡೆಯಲಿಲ್ಲ. ಟೆಲಿಫೋನ್ ಬಿಡಬೇಕಲ್ಲ, ಜನ ಬಿಡಬೇಕಲ್ಲ. ಅಮೆರಿಕದ ನೆಲದ ಮೇಲೆ ಸಿಗದ ಆ ದಿನವನ್ನು ಅವರು 50 ಮೈಲಿ ಆಚೆಯ ನೀರಿನಲ್ಲಿ ಹುಡುಕಿಕೊಂಡು ಬಂದರು ಎಂದೇ ನಾನು ತಿಳಿದಿದ್ದೇನೆ.

ಬಿಮಿನಿಯ ದಾರಿ ತೋರಿಸಿದವರು ಆ್ಯಡಮ್ ಕ್ಲೇಟನ್ ಪೊವೆಲ್. ಈ ಮನುಷ್ಯನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನ್ಯೂಯಾರ್ಕಿನ ಹಾರ್ಲೆಮ್‌ನ ದೊಡ್ಡ ಚರ್ಚಿನ ಪಾದ್ರಿ. 1945ರಿಂದ 1971ರವರೆಗೆ ಅಮೆರಿಕದ ಸಂಸತ್ತಿನ ಸದಸ್ಯ. ಕಪ್ಪು ಜನರಿಗೆ ಕೆಲಸ ಕೊಡದ ಅಂಗಡಿಗಳಲ್ಲಿ ಸಾಮಾನು ಕೊಳ್ಳಬೇಡಿ ಎಂದು ಚಳವಳಿ ಕಟ್ಟಿದವರು. ಶಿಕ್ಷಣ ಮತ್ತು ಕಾರ್ಮಿಕ ಸಮಿತಿಯ ಅಧ್ಯಕ್ಷರಾಗಿ ಎಷ್ಟೋ ಒಳ್ಳೆಯ ಕಾಯ್ದೆಗಳನ್ನು ದಡ ಸೇರಿಸಿದವರು. ಸ್ಫುರದ್ರೂಪಿ, ಶೋಕಿವಾಲ, ಮಾತಿನಲ್ಲಿ ಮನೆ ಕಟ್ಟುವವರು. ಬಿಮಿನಿಯ ಆಲಿಸ್ ಟೌನ್‌ನಲ್ಲಿ ಅವರು ಕೂರುತ್ತಿದ್ದ ಬಾರಿನ ಹೆಸರೇ 'ಲೋಕದ ಕೊನೆ'. ನೆಲಕ್ಕೆ ಸಿಮೆಂಟೂ ಇಲ್ಲ, ಬರೀ ಮರಳು.

ಇದೇ ಪೊವೆಲ್ 1960ರಲ್ಲಿ ಕಿಂಗ್ ಅವರನ್ನು ಬೆದರಿಸಿದ್ದರು. ತಮ್ಮ ಪಕ್ಷದ ಸಮಾವೇಶದ ಮುಂದೆ ಕಿಂಗ್ ಪ್ರತಿಭಟನೆ ನಡೆಸುವುದು ಅವರಿಗೆ ಬೇಕಿರಲಿಲ್ಲ. ನಿಲ್ಲಿಸದಿದ್ದರೆ ನಿನ್ನ ಬಗ್ಗೆ, ನಿನ್ನ ಸಲಹೆಗಾರ ಬೇಯಾರ್ಡ್ ರಸ್ಟಿನ್ ಬಗ್ಗೆ ಇಲ್ಲದ ಸಂಬಂಧ ಕಟ್ಟಿ ಪತ್ರಿಕೆಗೆ ಹೇಳುತ್ತೇನೆ ಎಂದು ಹೇಳಿ ಕಳಿಸಿದರು. ರಸ್ಟಿನ್ ಪಾಪ, ತಾವೇ ದೂರ ಸರಿದರು. ನಾಲ್ಕು ವರ್ಷ ಕಳೆದ ಮೇಲೆ ಅದೇ ಮನುಷ್ಯನ ಮಾತು ಕೇಳಿ ಕಿಂಗ್ ಈ ದ್ವೀಪಕ್ಕೆ ಬಂದರೆಂದರೆ ಏನನ್ನಬೇಕು? ದೊಡ್ಡ ಮನಸ್ಸು ಅನ್ನಬಹುದು. ರಾಜಕೀಯ ಅನ್ನಬಹುದು. ನಮ್ಮ ಸಂಸಾರಗಳಲ್ಲೂ ಹೀಗೆಯೇ ಅಲ್ಲವೇ, ವರ್ಷಗಟ್ಟಲೆ ಮುಖ ತಿರುಗಿಸಿಕೊಂಡಿದ್ದ ದಾಯಾದಿಯ ಮನೆಗೇ ಒಂದು ದಿನ ಊಟಕ್ಕೆ ಹೋಗಿ ಕೂರುತ್ತೇವೆ, ಹಳೆಯ ಮಾತು ಎತ್ತದೆ.

ಬಿಮಿನಿಯಲ್ಲಿ ಕಿಂಗ್ ಅವರಿಗೆ ಸಿಕ್ಕಿದ್ದು ಆನ್ಸಿಲ್ ಸಾಂಡರ್ಸ್. ತಲೆಮಾರುಗಳಿಂದ ಮರದ ದೋಣಿ ಕಟ್ಟುವ ಮನೆತನ ಅವರದು. ಜೊತೆಗೆ ಬೋನ್‌ಫಿಶ್ ಎಂಬ ಮೀನಿಗೆ ದಾರಿ ತೋರಿಸುವ ಕೆಲಸ. ಈ ಮೀನಿನ ಮೈತುಂಬ ಮುಳ್ಳು, ತಿನ್ನುವವರಿಗಿಂತ ಹಿಡಿಯುವವರೇ ಹೆಚ್ಚು. ಅದು ಇರುವುದು ಮೊಣಕಾಲುದ್ದದ ನೀರಿನಲ್ಲಿ. ಬೆಳ್ಳಿಯ ಮೈ ಕನ್ನಡಿಯ ಹಾಗೆ ಮರಳಿನ ಬಣ್ಣವನ್ನೇ ತೋರಿಸುವುದರಿಂದ ಮೀನು ಕಾಣುವುದಿಲ್ಲ, ಅದರ ನೆರಳು ಕಾಣುತ್ತದೆ. ದೋಣಿಯಲ್ಲಿ ಒಂದು ಡಬ್ಬಿ ಕೆಳಗೆ ಬಿದ್ದರೂ ಸಾಕು, ಹಿಂಡು ಹಿಂಡೇ ಮಾಯ. ಹಾಗಾಗಿ ಮೋಟಾರು ನಿಲ್ಲಿಸಿ, ಉದ್ದನೆಯ ಗಳ ಊರಿ ದೋಣಿಯನ್ನು ಮೆಲ್ಲಗೆ ತಳ್ಳಿಕೊಂಡು ಹೋಗಬೇಕು. ಮಾತು ಕೂಡದು. ಈ ಕೆಲಸದಲ್ಲಿ ಸಾಂಡರ್ಸ್ ಎಂಥ ಗಟ್ಟಿಗರೆಂದರೆ, 1971ರಲ್ಲಿ ಅವರ ದೋಣಿಯಲ್ಲಿ ಕೂತವರು 16 ಪೌಂಡಿನ ಬೋನ್‌ಫಿಶ್ ಹಿಡಿದು ದಾಖಲೆ ಮಾಡಿದರು.

ಆದರೆ ಕಿಂಗ್ ಅವರನ್ನು ಕೂರಿಸಿಕೊಂಡು ಹೋದಾಗ ಮೀನಿನ ನೆರಳನ್ನು ಹುಡುಕಬೇಕಿರಲಿಲ್ಲ. ದ್ವೀಪದ ಪೂರ್ವಕ್ಕೆ ಕಾಂಡ್ಲಾ ಗಿಡಗಳ ಕಾಡಿದೆ. ಹೊನ್ನಾವರ, ಕುಂದಾಪುರದ ಕಡೆ ಅಳಿವೆಗಳಲ್ಲಿ ನೋಡಿದವರಿಗೆ ಹೇಳಬೇಕಾಗಿಲ್ಲ: ಉಪ್ಪುನೀರಿನಲ್ಲಿ ಬೇರುಗಳನ್ನು ಕಾಲಿನ ಹಾಗೆ ಊರಿಕೊಂಡು ನಿಂತ ಗಿಡಗಳು. ಆ ಬೇರುಗಳ ಸಂದಿನಲ್ಲಿ ಮರಿಮೀನು, ಏಡಿ, ಸಿಗಡಿ, ಮೇಲೆ ಬಕಪಕ್ಷಿಗಳು, ಬಾಣಂತಿ ಕೋಣೆಯ ಹಾಗೆ ಬೆಚ್ಚಗೆ, ಮರೆಯಾಗಿ ಇರುವ ಜಾಗ. ಅಲ್ಲಿ ಒಂದು ಕವಲಿನಲ್ಲಿ ದೋಣಿ ನಿಲ್ಲಿಸಿ ಕಿಂಗ್ ಕಾಗದ ಪೆನ್ನು ತೆಗೆದುಕೊಂಡು ಕೂತರು. ಓಸ್ಲೋದಲ್ಲಿ ಓದಬೇಕಾದ ಭಾಷಣಕ್ಕೆ ಅಲ್ಲಿ ಕೆಲಸ ಮಾಡಿದರು.

ಸಾಂಡರ್ಸ್ ಮುಂದೆ ಎಷ್ಟೋ ವರ್ಷ ಬಂದಬಂದವರಿಗೆಲ್ಲ ಈ ಕಥೆ ಹೇಳಿದ್ದಾರೆ. ಸುತ್ತಲಿನ ಜೀವರಾಶಿಯನ್ನು ನೋಡುತ್ತ ಕಿಂಗ್, ಇದನ್ನೆಲ್ಲ ಕಂಡೂ ದೇವರಿಲ್ಲ ಎನ್ನುವುದು ಹೇಗೆ ಸಾಧ್ಯ ಎಂದರಂತೆ. ಆಗ ಸಾಂಡರ್ಸ್ ಸೃಷ್ಟಿಯ ಮೇಲೆ ತಾವೇ ಕಟ್ಟಿದ್ದ ಒಂದು ಸ್ತೋತ್ರವನ್ನು ಗಟ್ಟಿಯಾಗಿ ಹೇಳಿದರಂತೆ. ಲೋಕವೆಲ್ಲ ಕಿವಿಗೊಟ್ಟು ಕೇಳುವ ಮಾತುಗಾರ, ಗಳ ಹಿಡಿದ ದೋಣಿಯವನ ಮುಂದೆ ತೆಪ್ಪಗೆ ಕೂತು ಕೇಳಿದ ಆ ಹೊತ್ತು ನನಗೆ ಬಹಳ ಹಿಡಿಸುತ್ತದೆ.

ಕಿಂಗ್ ದ್ವೀಪದಲ್ಲಿದ್ದಾಗಲೇ, ನವೆಂಬರ್ 18ರಂದು, ವಾಷಿಂಗ್ಟನ್ನಿನಲ್ಲಿ ಒಂದು ಪತ್ರಿಕಾಗೋಷ್ಠಿ ನಡೆಯಿತು. ಕರೆದವರು ಎಫ್‌ಬಿಐ ಎಂಬ ಗುಪ್ತ ಪೊಲೀಸ್ ಸಂಸ್ಥೆಯ ಮುಖ್ಯಸ್ಥ ಜೆ. ಎಡ್ಗರ್ ಹೂವರ್. ಎದುರಿಗೆ ಕೂತವರೆಲ್ಲ ಹೆಂಗಸರು, ಪತ್ರಿಕೆಗಳ ವರದಿಗಾರ್ತಿಯರು. ದಕ್ಷಿಣದಲ್ಲಿ ನಿಮ್ಮವರು ಕಪ್ಪು ಜನರನ್ನು ಕಾಪಾಡುತ್ತಿಲ್ಲ ಎಂದು ಕಿಂಗ್ ಹಿಂದೆ ಟೀಕಿಸಿದ್ದರು. ಆ ಹೊಟ್ಟೆಯುರಿ ಹೂವರ್ ಒಳಗೆ ಕುದಿಯುತ್ತಿತ್ತು. ದೇಶದಲ್ಲೇ ಕಿಂಗ್‌ನಂಥ ಕುಖ್ಯಾತ ಸುಳ್ಳುಗಾರ ಇಲ್ಲ ಎಂದುಬಿಟ್ಟರು. ಪಕ್ಕದಲ್ಲಿದ್ದ ಸಹಾಯಕ ಗಾಬರಿಯಾಗಿ, ಈ ಮಾತು ಬರೆದುಕೊಳ್ಳಬೇಡಿ ಎಂದು ಹೇಳಿಬಿಡಿ ಸಾರ್ ಎಂದು ಚೀಟಿ ಬರೆದು ಕೊಟ್ಟರೂ ಹೂವರ್ ಒಪ್ಪಲಿಲ್ಲ. ವರದಿಗಾರ್ತಿಯರು ಬರೆದುಕೊಂಡರು. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು.

ಪತ್ರಿಕೆಯವರು ಬಿಮಿನಿಗೆ ಹಾರಿ ಬಂದರು. ಮೌನಕ್ಕೆಂದು ಬಂದವರ ಮುಖಕ್ಕೆ ಮತ್ತೆ ಕ್ಯಾಮರಾ. ಕಿಂಗ್ ಅಲ್ಲಿಂದಲೇ ಉತ್ತರ ಕಳಿಸಿದರು. ಬೈಗುಳಕ್ಕೆ ಬೈಗುಳವಲ್ಲ, ಇಷ್ಟು ದೊಡ್ಡ ಹೊಣೆಯ ಭಾರದಿಂದ ಪಾಪ ಹೂವರ್ ಅವರು ತತ್ತರಿಸಿರಬೇಕು ಎಂಬ ಧಾಟಿಯಲ್ಲಿ. ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ನಮ್ಮ ಅಜ್ಜಿಯರಿಗೆ ಬರುತ್ತಿದ್ದ ವಿದ್ಯೆ ಇದು: ಜಗಳಕ್ಕೆ ಬಂದವರನ್ನು ಕೂರಿಸಿ, ನಿನಗೆ ಮೈ ಸರಿಯಿಲ್ಲವೇನಪ್ಪ ಎಂದು ಕೇಳುವುದು.

ಕೊರೆಟಾ ಅವರ ಮಾತು ಇಲ್ಲಿ ಬರಲೇಬೇಕು. ಬಾಸ್ಟನ್ನಿನ ಸಂಗೀತ ಶಾಲೆಯಲ್ಲಿ ಕಲಿತ ಗಾಯಕಿ. ಗಂಡ ಬಿಮಿನಿಯಲ್ಲಿದ್ದ ಅದೇ ನವೆಂಬರಿನಲ್ಲಿ ಅವರು ನ್ಯೂಯಾರ್ಕಿನಲ್ಲಿ ತಮ್ಮ ಮೊದಲ 'ಸ್ವಾತಂತ್ರ್ಯ ಕಛೇರಿ' ನಡೆಸಿದರು. ಹಾಡು, ನಡುನಡುವೆ ಚಳವಳಿಯ ಕಥೆ, ಬಂದ ಹಣವೆಲ್ಲ ಚಳವಳಿಗೆ. ಮನೆಯಲ್ಲಿ ನಾಲ್ಕು ಮಕ್ಕಳು. ಹೂವರ್ ಬೈದ ಹಿಂದಿನ ದಿನವೇ ಹಿರಿಮಗಳಿಗೆ ಒಂಬತ್ತು ತುಂಬಿತ್ತು. ಕಿರಿಯವಳಿಗೆ ಇನ್ನೂ ಎರಡು ತುಂಬಿರಲಿಲ್ಲ. ಕಿಂಗ್ ಅವರಿಗೆ ದ್ವೀಪ ಸಿಕ್ಕಿತು, ದೋಣಿ ಸಿಕ್ಕಿತು, ಗಳ ಊರುವವರು ಸಿಕ್ಕರು. ಕೊರೆಟಾ ಯಾವ ಕಾಂಡ್ಲಾ ಕಾಡಿನಲ್ಲಿ ಕೂತು ಆ ಕಛೇರಿಯ ಸಾಲುಗಳನ್ನು ಜೋಡಿಸಿಕೊಂಡರು? ಇದು ದೂರಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ, ಹಾಲು ಉಕ್ಕುತ್ತದೆಯೇ ಎಂದು ಒಂದು ಕಣ್ಣಿಟ್ಟುಕೊಂಡು ಬರೆಯುವ ನನ್ನಂಥವಳಿಗೆ ತಾನಾಗಿ ಏಳುವ ಪ್ರಶ್ನೆ.

ಆ ನವೆಂಬರ್ ಇನ್ನೂ ಮುಗಿದಿರಲಿಲ್ಲ. ಹೂವರ್ ಅವರ ಕೈಕೆಳಗಿನವರು ಒಂದು ಪೊಟ್ಟಣ ಕಟ್ಟಿದರು. ಒಳಗೆ, ಹೋಟೆಲು ಕೋಣೆಗಳಲ್ಲಿ ಕದ್ದು ಮಾಡಿಕೊಂಡ ಧ್ವನಿಮುದ್ರಣದ ಟೇಪು, ಜೊತೆಗೊಂದು ಹೆಸರಿಲ್ಲದ ಪತ್ರ. ನಿನ್ನ ನಡತೆ ನಮಗೆ ಗೊತ್ತು, 34 ದಿನದೊಳಗೆ ನೀನು ಮಾಡಬೇಕಾದ ಒಂದೇ ಕೆಲಸವಿದೆ, ನಿನಗೇ ಗೊತ್ತು ಎಂಬರ್ಥದ ಬೆದರಿಕೆ. ಪ್ರಾಣ ಕಳೆದುಕೋ ಎನ್ನುವುದೇ ಅದರ ಇಂಗಿತ ಎಂದು ಕಿಂಗ್ ಮತ್ತು ಸಂಗಡಿಗರು ತಿಳಿದರು. ಪೊಟ್ಟಣವನ್ನು ಅಂಚೆಗೆ ಹಾಕಿದ್ದು ಎಲ್ಲಿಂದ ಗೊತ್ತೇ? ಮಯಾಮಿಯಿಂದ. ಬಿಮಿನಿಯ ದೋಣಿ ಹೊರಡುವ ಅದೇ ಊರು.

1965ರ ಜನವರಿಯಲ್ಲಿ ಅದನ್ನು ಒಡೆದವರು ಕೊರೆಟಾ. ಗಂಡನ ಭಾಷಣದ ಟೇಪುಗಳು ಮನೆಗೆ ಬರುವುದು, ಅವನ್ನು ಅವರು ಎತ್ತಿಡುವುದು ರೂಢಿ. ಇದೂ ಅಂಥದೇ ಎಂದುಕೊಂಡು ತೆರೆದರು. ಕಿಂಗ್ ಅವರ ನಡತೆಯಲ್ಲಿ ಕುಂದುಗಳಿದ್ದವು ಎಂಬುದನ್ನು ಅವರ ಆಪ್ತ ಗೆಳೆಯ ರಾಲ್ಫ್ ಅಬರ್ನಥಿಯವರೇ 1989ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ಮಾತು. ಆ ಪೊಟ್ಟಣ ಕಟ್ಟಿದವರಿಗೆ ಕೊರೆಟಾ ಅವರ ಮಾನದ ಚಿಂತೆ ಇತ್ತೇ? ಹೆಂಡತಿಯ ಸಂಕಟವನ್ನು ಗಂಡನಿಗೆ ಹೊಡೆಯುವ ಕೋಲು ಮಾಡಿಕೊಳ್ಳುವ ಈ ಉಪಾಯ ಹಳ್ಳಿಯ ಜಗಲಿಯಲ್ಲೂ ಇದೆ, ದೊಡ್ಡ ಸರ್ಕಾರದ ಕಚೇರಿಯಲ್ಲೂ ಇದೆ. ಟೇಪಿನಲ್ಲಿ ಏನೂ ಸರಿಯಾಗಿ ಕೇಳಿಸಲಿಲ್ಲ ಎಂದಷ್ಟೇ ಅವರು ಹೇಳಿದರು. ಅವರಿಗೆ ಗಂಡನೊಡನೆ ಏನು ಮಾತಾಯಿತೋ ಅದು ಅವರಿಬ್ಬರದು. ಯಾರ ಎದುರೂ ಅದನ್ನು ಹರಡಲಿಲ್ಲ. ಕಛೇರಿಗಳನ್ನು ನಿಲ್ಲಿಸಲೂ ಇಲ್ಲ. ಹತ್ತು ವರ್ಷಗಳ ಮೇಲೆ, 1970ರ ದಶಕದ ನಡುವಿನಲ್ಲಿ, ಅಮೆರಿಕದ ಸಂಸತ್ತಿನ ಸಮಿತಿಯೊಂದು ಈ ಪತ್ರದ ಸಂಗತಿಯನ್ನು ಹೊರಗೆಡವಿತು.

ಇನ್ನು ಬಿಮಿನಿಯ ಜನ. ಅವರೂ ಬರೀ ಅತಿಥಿಸತ್ಕಾರ ಮಾಡುತ್ತ ಕೂತಿದ್ದವರಲ್ಲ. ಬಹಾಮಾಸ್ ಆಗ ಇಂಗ್ಲಿಷರ ವಸಾಹತು. ಹತ್ತರಲ್ಲಿ ಎಂಟು ಮಂದಿಗೂ ಹೆಚ್ಚು ಕಪ್ಪು ಜನ, ಆಳುವವರು ಬೆರಳೆಣಿಕೆಯ ಬಿಳಿಯ ವ್ಯಾಪಾರಿಗಳು. ರಾಜಧಾನಿ ನಸ್ಸಾವ್‌ನ ಒಳ್ಳೆಯ ಹೋಟೆಲುಗಳ ಬಾಗಿಲು ಕಪ್ಪು ಜನರಿಗೆ ತೆರೆದದ್ದೇ 1956ರಲ್ಲಿ, ಒಬ್ಬ ಪತ್ರಿಕಾ ಸಂಪಾದಕರು ಶಾಸನಸಭೆಯಲ್ಲಿ ಪಟ್ಟು ಹಿಡಿದು ನಿರ್ಣಯ ತಂದ ಮೇಲೆ. ಹೆಂಗಸರಿಗೆ ಮತ ಬಂದದ್ದು ಇನ್ನೂ ತಡ. ಮೇರಿ ಇಂಗ್ರಹಾಮ್, ಡೋರಿಸ್ ಜಾನ್ಸನ್ ಮೊದಲಾದವರು ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡಿ, 1962ರ ನವೆಂಬರ್ 26ರಂದು ಮೊದಲ ಸಲ ಮತಗಟ್ಟೆಯ ಮುಂದೆ ಸಾಲು ನಿಂತರು. ಕಿಂಗ್ ಬಿಮಿನಿಗೆ ಬಂದಾಗ ಅದಕ್ಕೆ ಬರೀ ಎರಡು ವರ್ಷ. ಅವರಿಗೆ ರೊಟ್ಟಿ ಕೊಟ್ಟ ಹೆಂಗಸು ಯಾರೇ ಇರಲಿ, ಅವಳ ಬೆರಳಿನ ಮತದ ಅನುಭವ ಒಂದೇ ಒಂದು ಸಲದ್ದು. 1967ರ ಜನವರಿ 10ರ ಚುನಾವಣೆಯಲ್ಲಿ ಎರಡೂ ಪಕ್ಷಕ್ಕೆ 18-18 ಸ್ಥಾನ ಬಂದು, ಉಳಿದ ಇಬ್ಬರ ಬೆಂಬಲದಿಂದ ಲಿಂಡನ್ ಪಿಂಡ್ಲಿಂಗ್ ಮೊದಲ ಕಪ್ಪು ಮುಖ್ಯಸ್ಥರಾದರು. 1973ರಲ್ಲಿ ಸ್ವಾತಂತ್ರ್ಯ. ಹಾಗಾಗಿ ಕಿಂಗ್ ಕಂಡದ್ದು ತಣ್ಣನೆಯ ದ್ವೀಪವನ್ನಲ್ಲ. ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ ಕಾವೇರುತ್ತಿದ್ದ ನಾಡನ್ನು.

ಪೊವೆಲ್ ಕಥೆ ಬೇರೆ ದಾರಿ ಹಿಡಿಯಿತು. ಹಾರ್ಲೆಮ್‌ನ ಒಬ್ಬ ಮಹಿಳೆಯನ್ನು ಪೊಲೀಸರ ಲಂಚ ಎತ್ತುವವಳು ಎಂದು ಅವರು ಟೆಲಿವಿಷನ್ನಿನಲ್ಲಿ ಆಡಿಬಿಟ್ಟಿದ್ದರು. ಆಕೆ ಬಿಡಲಿಲ್ಲ, ಮಾನನಷ್ಟದ ಮೊಕದ್ದಮೆ ಹೂಡಿ ಗೆದ್ದಳು. ಹಣ ಕೊಡದೆ ಸತಾಯಿಸಿದ್ದಕ್ಕೆ ಪೊವೆಲ್ ಮೇಲೆ ವಾರಂಟು. ನ್ಯೂಯಾರ್ಕಿಗೆ ಕಾಲಿಟ್ಟರೆ ದಸ್ತಗಿರಿ. ವಾರಂಟು ನಡೆಯದ ಭಾನುವಾರ ಬಂದು ಧರ್ಮೋಪದೇಶ ಮಾಡಿ ಹೋಗುತ್ತಿದ್ದರು. 1967ರಲ್ಲಿ ಹಣದ ದುರುಪಯೋಗದ ಆಪಾದನೆ ಹೊರಿಸಿ ಸಂಸತ್ತು ಅವರನ್ನು ಒಳಗೆ ಬಿಡಲಿಲ್ಲ. ಅದು ಸಂವಿಧಾನಕ್ಕೆ ವಿರುದ್ಧ ಎಂದು 1969ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ನಡುವಿನ ಕಾಲದಲ್ಲಿ ಬಹಳ ದಿನ ಅವರು ಕಳೆದದ್ದು ಬಿಮಿನಿಯಲ್ಲಿ. ಸಂಸತ್ತಿನ ಮಟ್ಟಿಗೆ ಪೊವೆಲ್‌ಗೆ ಅನ್ಯಾಯವಾಯಿತು, ನಿಜ. ಆದರೂ ನನ್ನ ಮನಸ್ಸು ಆ ಹಾರ್ಲೆಮ್ ಹೆಂಗಸಿನ ಕಡೆಗೇ ವಾಲುತ್ತದೆ.

ಕಿಂಗ್ 1968ರಲ್ಲಿ ಮತ್ತೊಮ್ಮೆ ಬಿಮಿನಿಗೆ ಬಂದರು ಎನ್ನುತ್ತಾರೆ ಸಾಂಡರ್ಸ್. ಅದೇ ಕವಲು, ಅದೇ ದೋಣಿ. ಈ ಸಲ ಕೈಯಲ್ಲಿದ್ದದ್ದು ಪ್ರಶಸ್ತಿಯ ಭಾಷಣವಲ್ಲ, ಮೆಂಫಿಸ್ ಊರಿನ ಪೌರಕಾರ್ಮಿಕರಿಗೆ ಹೇಳಬೇಕಾದ ಮಾತು. ಆ ಫೆಬ್ರವರಿ 1ರಂದು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಬದಿಯಲ್ಲಿ ಕೂತಿದ್ದ ಇಬ್ಬರು ಕಾರ್ಮಿಕರನ್ನು ಅದರ ಯಂತ್ರವೇ ಅರೆದು ಕೊಂದಿತ್ತು. ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದ್ದರು. ಅವರ ಎದೆಯ ಮೇಲಿನ ಫಲಕದಲ್ಲಿ ಇದ್ದದ್ದು ಇಷ್ಟೇ: ನಾನು ಮನುಷ್ಯ. ದೋಣಿಯಲ್ಲಿ ಸಾವಿನ ಮಾತು ಬಂತು, ತಾನು ಬಹಳ ದಿನ ಇರುವವನಲ್ಲ ಎಂಬಂತೆ ಕಿಂಗ್ ಮಾತಾಡಿದರು ಎಂದು ಸಾಂಡರ್ಸ್ ನೆನೆಯುತ್ತಾರೆ. ಏಪ್ರಿಲ್ 3ರ ರಾತ್ರಿ ಮೆಂಫಿಸ್‌ನಲ್ಲಿ ಅವರು ಆ ಭಾಷಣ ಮಾಡಿದರು. ಮರುದಿನ ಸಂಜೆ ಗುಂಡು ಬಿತ್ತು. ಏಪ್ರಿಲ್ 8ರಂದು, ಇನ್ನೂ ಮಣ್ಣಾಗುವ ಮುಂಚೆಯೇ, ಕೊರೆಟಾ ದೊಡ್ಡ ಮಕ್ಕಳು ಮೂವರನ್ನು ಕರೆದುಕೊಂಡು ಮೆಂಫಿಸ್‌ಗೆ ಬಂದು ಆ ಪೌರಕಾರ್ಮಿಕರ ಮೆರವಣಿಗೆಯ ಮುಂದೆ ನಡೆದರು.

ಸರಿಯಾಗಿ ನಾಲ್ಕು ವರ್ಷಕ್ಕೆ, 1972ರ ಅದೇ ಏಪ್ರಿಲ್ 4ರಂದು, ಪೊವೆಲ್ ಮಯಾಮಿಯಲ್ಲಿ ತೀರಿಕೊಂಡರು. ಅವರ ಬೂದಿಯನ್ನು ಬಿಮಿನಿಯ ಮೇಲೆ ಚೆಲ್ಲಿದರು.

ನನ್ನ ಅಕ್ಕನ ಮಗಳು ಫ್ಲಾರಿಡಾದಲ್ಲಿದ್ದಾಳೆ. ಎರಡು ವರ್ಷದ ಹಿಂದೆ ರಜೆಗೆ ಬಿಮಿನಿಗೆ ಹೋಗಿಬಂದು ಫೋನು ಮಾಡಿದಳು. "ಚಿಕ್ಕಮ್ಮಾ, ನೀವು ಹೇಳಿದ ಜಾಗಕ್ಕೆ ದೋಣಿಯಲ್ಲೇ ಹೋಗಬೇಕು. ಗಿಡಗಳ ನಡುವೆ, ನೀರಿನ ಪಕ್ಕದಲ್ಲಿ ಕಿಂಗ್ ಅವರ ಎದೆಮಟ್ಟದ ಪ್ರತಿಮೆ ಇಟ್ಟಿದ್ದಾರೆ. ಸುತ್ತ ಒಂದು ಅಂಗಡಿಯಿಲ್ಲ, ಬೋರ್ಡಿಲ್ಲ, ನಮ್ಮ ದೋಣಿಯೊಂದೇ."

"ಎಷ್ಟು ಹೊತ್ತು ಕೂತಿದ್ದೆ?" ಎಂದೆ.

"ಹತ್ತು ನಿಮಿಷ. ಮಕ್ಕಳು ಬಿಡಬೇಕಲ್ಲ! ಚಿಕ್ಕವನಿಗೆ ಸೊಳ್ಳೆ ಕಚ್ಚಿ ಅಳು. ಆದರೆ ಆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ, ಚಿಕ್ಕಮ್ಮಾ, ದೋಣಿಯವರೂ ಸುಮ್ಮನಿದ್ದರು."

ದಡಕ್ಕೆ ಬಂದ ಮೇಲೆ ಒಬ್ಬ ಹೆಂಗಸಿನ ಮನೆಯ ಕಿಟಕಿಯಲ್ಲಿ ಬಿಮಿನಿ ಬ್ರೆಡ್ ಕೊಂಡಳಂತೆ. ಮೆತ್ತಗೆ, ಸ್ವಲ್ಪ ಸಿಹಿಯಾಗಿ, ನಮ್ಮ ಬೇಕರಿಯ ಬನ್ನಿನ ಹಾಗೆ. ಅಲ್ಲಿ ನಮ್ಮ ಸಪೋಟ ಹಣ್ಣೂ ಸಿಗುತ್ತದೆ, ಅದನ್ನು ಅವರು 'ಡಿಲ್ಲಿ' ಅನ್ನುತ್ತಾರೆ ಎಂದು ಹೇಳಿ ನಕ್ಕಳು. ಎರಡು ಬ್ರೆಡ್ ತಂದಿದ್ದಳು. ಮನೆಗೆ ಬರುವಷ್ಟರಲ್ಲಿ ಒಂದು ಹಡಗಿನಲ್ಲೇ ಖಾಲಿಯಾಗಿತ್ತಂತೆ.